ಅಪ್ಪುಗೆಯ ಉಸ್ತುವಾರಿ

ವಡೋದರದ ಕನ್ನಡ ಕೂಟದಲ್ಲಿ ಮೀರಾ ಎಂದರೆ ಪ್ರಾಂಪ್ಟರ್ ಎಂದೇ ಲೆಕ್ಕ. ನಾಟಕ ಯಾವುದೇ ಇರಲಿ, ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುವ ಕೆಲಸ ಅವಳದು. ಆ ಕೆಲಸಕ್ಕೆ ಅವಳಷ್ಟು ಹೇಳಿ ಮಾಡಿಸಿದವರು ಇನ್ನೊಬ್ಬರಿರಲಿಲ್ಲ. ಯಾರು ಯಾವಾಗ ಎಡವುತ್ತಾರೋ ಎಂದು ಕಾಯುತ್ತಾ ಕೂರುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಮೊನ್ನೆ ಪಕ್ಕದ ಮನೆಯ ಗುಜರಾತಿ ಅಜ್ಜಿಯ ಹತ್ತಿರ ‘ನಿಮ್ಮ ಉಂಧಿಯು ಪಲ್ಯ ಚೆನ್ನಾಗಿತ್ತು’ ಎಂದದ್ದನ್ನು ಅವರು ‘ಕಳೆದ ಸಲದ್ದು ಚೆನ್ನಾಗಿರಲಿಲ್ಲ’ ಎಂದು ತಿಳಿದುಕೊಂಡರೇ ಎಂದು ಅವಳು ವಾರವಿಡೀ ಕೊರಗಬಲ್ಲಳು. ಗಂಡ ಸತ್ಯಪ್ರಕಾಶ ಬ್ಯಾಂಕಿನಲ್ಲಿ ಅಧಿಕಾರಿ. ಪ್ರತಿ ವರ್ಗಾವಣೆಯಲ್ಲೂ ಲಾರಿ ಸಾಮಾನು ಸಾಗಿಸಿದರೆ ಮೀರಾ ಚಿಂತೆ ಸಾಗಿಸುತ್ತಾಳೆ, ಅದೊಂದೇ ಇದುವರೆಗೆ ಒಡೆಯದೆ ಬಂದ ಸಾಮಾನು ಎನ್ನುವುದು ಅವನ ತಮಾಷೆ.

ಎರಡು ಸಾವಿರದ ನಾಲ್ಕರ ಆ ವರ್ಷ ಅವಳನ್ನು ಸ್ಟೂಲಿನಿಂದ ಎಬ್ಬಿಸಿ ಬೇರೊಂದು ಕೆಲಸಕ್ಕೆ ಹಚ್ಚಿದರು. ಅದಕ್ಕೆ ಕಾರಣ ಹಿಂದಿನ ವರ್ಷದ ಅವಮಾನ.

ರಾಜ್ಯೋತ್ಸವದ ಹೊತ್ತಿಗೆ ಅಹಮದಾಬಾದ್, ವಡೋದರ, ಸೂರತ್ ಮೂರೂ ಊರುಗಳ ಕೂಟಗಳ ನಡುವೆ ನಾಟಕ ಸ್ಪರ್ಧೆ ನಡೆಯುವುದು ವಾಡಿಕೆ. ಸೂರತ್ತಿನವರೆಂದರೆ ಹಜೀರಾದ ಕಂಪನಿ ಕಾಲನಿಗಳ ಇಂಜಿನಿಯರುಗಳು. ಅವರಿಗೆ ನಟನೆ ಬರದಿದ್ದರೂ ರಂಗಕ್ಕೆ ಬೆಳಕು ಬಿಡುವುದು ಬರುತ್ತಿತ್ತು. ಹಿಂದಿನ ವರ್ಷ ವಡೋದರದ ನಾಟಕದಲ್ಲಿ ರೈಲ್ವೆಯ ಶರತ್ ನಾಯಕ, ಇನ್ಶೂರೆನ್ಸಿನವರ ಹೆಂಡತಿ ಲಕ್ಷ್ಮಿ ನಾಯಕಿ. ಒಂದು ಕಡೆ ನಾಯಕ ನಾಯಕಿಯ ಕೈ ಹಿಡಿಯಬೇಕು, ಹಿಡಿದ. ಮುಂದಿನ ಸಾಲಿನಲ್ಲಿದ್ದ ಲಕ್ಷ್ಮಿಯ ಅತ್ತೆ ಗೌರಮ್ಮನವರು ಇಡೀ ಸಭೆಗೆ ಕೇಳುವಂತೆ, “ಸಾಕು, ಕೈ ಬಿಡಪ್ಪ,” ಎಂದರು. ಶರತ್ ತಟ್ಟನೆ ಕೈ ಬಿಟ್ಟು, “ಸಾರಿ ಆಂಟಿ,” ಎಂದ. ದುರಂತ ನಾಟಕವದು. ಸೂರತ್ತಿನವರು ಬಿದ್ದು ಬಿದ್ದು ನಕ್ಕರು. ವಡೋದರಕ್ಕೆ ಮೂರನೆಯ ಸ್ಥಾನ ಸಿಕ್ಕಿತು; ಇದ್ದದ್ದೇ ಮೂರು ತಂಡ.

ಈ ವರ್ಷದ ನಾಟಕ ‘ಎರಡು ಲೋಟ ಕಾಫಿ’. ಬರೆದವರೂ ಆಡಿಸುವವರೂ ಶಂಕರನಾರಾಯಣ, ಎಕ್ಸೈಸ್ ಇಲಾಖೆಯ ಸೂಪರಿಂಟೆಂಡೆಂಟ್. ಹಡಗಿನಲ್ಲಿ ಕೆಲಸಕ್ಕೆ ಹೋದ ಗಂಡ ಮೂರು ವರ್ಷದ ಮೇಲೆ ಮನೆಗೆ ಬರುತ್ತಾನೆ, ಹೆಂಡತಿ ಸುಮತಿ ಬಾಗಿಲು ತೆಗೆಯುತ್ತಾಳೆ, ಅವನು ಅಪ್ಪಿಕೊಳ್ಳುತ್ತಾನೆ. “ಆ ಅಪ್ಪುಗೆ ತೆಗೆದರೆ ನಾಟಕ ಇಲ್ಲ,” ಎಂದು ಶಂಕರನಾರಾಯಣ ಮೊದಲ ಸಭೆಯಲ್ಲೇ ಘೋಷಿಸಿದರು. ಇಡೀ ಸಭೆಗೆ ಗೌರಮ್ಮನವರ ನೆನಪಾಯಿತು.

ದಾರಿ ತೋರಿಸಿದವರು ಅಧ್ಯಕ್ಷ ಪದ್ಮನಾಭ ಶೆಟ್ಟರು. ಮಕರಪುರದಲ್ಲಿ ಅವರದೊಂದು ಉಡುಪಿ ಹೋಟೆಲು. ಕೂಟದ ರಿಹರ್ಸಲ್ ನಡೆಯುವುದು ಅದರ ಮಹಡಿಯ ಮೇಲೆ. “ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು ಮಾರ್ರೆ? ಗಂಡ ಹೆಂಡತಿ ಪಾತ್ರಕ್ಕೆ ಗಂಡ ಹೆಂಡತಿಯನ್ನೇ ಹಾಕಿ. ಆಗ ಯಾರಪ್ಪ ಮಾತಾಡ್ತಾರೆ?”

ಎಲ್ಲರಿಗೂ ಒಪ್ಪಿಗೆಯಾಯಿತು. ಆದರೆ ದಂಪತಿಗಳನ್ನು ಹುಡುಕುವುದು ಕಷ್ಟವಾಯಿತು. ಒಬ್ಬರಿಗೆ ಮೈ ಹೆಚ್ಚು, ಒಬ್ಬರಿಗೆ ರಜೆ ಕಡಿಮೆ. ಇನ್ನೊಂದು ಜೋಡಿಯಲ್ಲಿ ಹೆಂಡತಿ ಗಂಡನಿಗಿಂತ ಗೇಣುದ್ದ ಎತ್ತರ. “ಸತ್ಯಪ್ರಕಾಶ್ ಮತ್ತು ಮೀರಾ?” ಎಂದು ಯಾರೋ ಅಂದಾಗ ಮೀರಾಳಿಗೆ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ಕೊನೆಗೆ ಉಳಿದವರು ಪ್ರವೀಣ್ ಮತ್ತು ಪ್ರತೀಕ್ಷಾ. ಪ್ರವೀಣ್ ಶೆಟ್ಟರ ಅಕ್ಕನ ಮಗ, ಮಕರಪುರದ ಸ್ವಿಚ್‌ಗೇರ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ದೊಡ್ಡ ದನಿ, ದೊಡ್ಡ ನಗು. ಎಲ್ಲಿದ್ದರೂ ನಾಲ್ಕು ಜನ ಗೆಳೆಯರು ಸುತ್ತ. ಪ್ರತೀಕ್ಷಾ ಅವನನ್ನು ಮದುವೆಯಾಗಿ ನಾಲ್ಕು ವರ್ಷದ ಹಿಂದೆ ಉಡುಪಿಯಿಂದ ಬಂದವಳು, ಮಾತು ಕಡಿಮೆ. ಓದಿಸಿ ನೋಡಿದಾಗ ಆ ಮಾತು ಕಡಿಮೆಯವಳು ಸುಮತಿಯ ಮೊದಲ ವಾಕ್ಯ ಹೇಳಿದ ರೀತಿಗೆ ಶಂಕರನಾರಾಯಣ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

“ಆಯ್ತಲ್ಲ,” ಎಂದರು ಶೆಟ್ಟರು. “ಮೀರಕ್ಕ, ಆ ಸೀನೊಂದು ನೀವು ನೋಡಿಕೊಳ್ಳಿ. ಹೆಂಗಸರು ಒಬ್ಬರು ನಿಗಾ ಇಟ್ಟಿದ್ದಾರೆ ಅಂತಾದ್ರೆ ನಮಗೂ ಮರ್ಯಾದೆ.”

ಏನು ನೋಡಿಕೊಳ್ಳಬೇಕು ಎಂದು ಕೇಳುವಷ್ಟರಲ್ಲಿ ಸಭೆ ಮುಗಿದು ಗೋಳಿಬಜೆ ಬಂದಿತ್ತು. ಮನೆಗೆ ಹೋಗುವ ದಾರಿಯಲ್ಲಿ ಸತ್ಯಪ್ರಕಾಶ ಸ್ಕೂಟರಿನ ಮೇಲಿಂದಲೇ ಶುರು ಮಾಡಿದ. “ಇನ್ನು ಮೇಲೆ ನಿನ್ನನ್ನ ಏನಂತ ಕರೀಬೇಕು? ಅಪ್ಪುಗೆ ಖಾತೆ ಸಚಿವೆ ಅನ್ನಲಾ, ಉಸ್ತುವಾರಿ ಅನ್ನಲಾ?”

“ರಸ್ತೆ ನೋಡ್ಕೊಂಡು ಓಡಿಸಿ,” ಎಂದಳು ಮೀರಾ.

ಮುಂದಿನ ಭಾನುವಾರ ಮಧ್ಯಾಹ್ನ ಊಟದ ಗಿರಾಕಿಗಳು ಖಾಲಿಯಾದ ಮೇಲೆ, ಮಹಡಿಯ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಜಾಗ ಮಾಡಿಕೊಂಡು ಮೊದಲ ಸಲ ಆ ದೃಶ್ಯ ಆಡಿದರು. ಪ್ರವೀಣನ ಗೆಳೆಯರು ಗೋಡೆಗೆ ಒರಗಿ ಕೂತಿದ್ದರು. ಶೆಟ್ಟರು ಎದುರಿಗೇ ಇದ್ದರು. ಪ್ರವೀಣ್ ಸೂಟ್‌ಕೇಸ್ ಹಿಡಿದು ಬಂದವನೇ ಅದನ್ನು ಧೊಪ್ಪನೆ ಎಸೆದು, “ಸುಮತೀ!” ಎಂದು ಕೂಗಿ, ಪ್ರತೀಕ್ಷಾಳನ್ನು ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ. ಗೆಳೆಯರು ಸಿಳ್ಳೆ ಹೊಡೆದರು. “ವನ್ಸ್ ಮೋರ್!” ಎಂದರು. ಪ್ರವೀಣ್ ಮತ್ತೆ ಎತ್ತಿದ. ಶೆಟ್ಟರು ಕೂಡ ಹೊಟ್ಟೆ ಕುಲುಕಿಸಿ ನಕ್ಕರು.

ಪ್ರತೀಕ್ಷಾಳೂ ನಕ್ಕಳು, ಆದರೆ ತುಟಿಯಲ್ಲಿ ಮಾತ್ರ. ಆಮೇಲೆ ತನ್ನ ಮಾತನ್ನು ಮರೆತಳು. ಇಡೀ ನಾಟಕವನ್ನು ಬಾಯಿಪಾಠ ಮಾಡಿಕೊಂಡು ಬಂದವಳು, ಮೀರಾ ಎರಡು ಸಲ ಎತ್ತಿಕೊಟ್ಟರೂ ಹಿಡಿಯದೆ ನಿಂತಳು. ಅವಳು ಸೆರಗು ಸರಿಮಾಡಿಕೊಳ್ಳುವಾಗ ಅವಳ ಹೆಬ್ಬೆರಳು ಮುಷ್ಟಿಯೊಳಗೆ ಬಿಗಿಯಾಗಿ ಅವಿತಿರುವುದನ್ನು ಮೀರಾ ನೋಡಿದಳು. ಮತ್ತೊಮ್ಮೆ ಆಡಿದಾಗ, ಪ್ರವೀಣ್ ಬಾಗಿಲ ಹತ್ತಿರ ಬರುವ ಮೊದಲೇ, ಆ ಹೆಬ್ಬೆರಳು ಒಳಗೆ ಸರಿಯಿತು.

ರಿಹರ್ಸಲ್ ಮುಗಿದು ಎಲ್ಲರೂ ಕೆಳಗಿಳಿದ ಮೇಲೆ ಕೈತೊಳೆಯುವ ಬೇಸಿನ್ನಿನ ಹತ್ತಿರ ಪ್ರತೀಕ್ಷಾ ಮೀರಾಳಿಗಾಗಿ ಕಾದಿದ್ದಳು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು.

“ಅಕ್ಕಾ, ನಾನು ಈ ಪಾರ್ಟು ಬಿಡ್ತೇನೆ. ಹುಷಾರಿಲ್ಲ ಅಂತ ನೀವೇ ಹೇಳಿಬಿಡಿ.”

“ಯಾಕಮ್ಮ? ಏನಾಯ್ತು?”

“ಇವರು ಕೆಟ್ಟವರಲ್ಲ,” ಎಂದಳು ಪ್ರತೀಕ್ಷಾ.

ಮೀರಾ ನಲ್ಲಿ ನಿಲ್ಲಿಸಿದಳು. ಹೀಗೆ ಶುರುವಾಗುವ ಮಾತಿಗೆ ಅವಸರಪಡಿಸಬಾರದು ಎಂದು ಅವಳಿಗೆ ತಿಳಿದಿತ್ತು.

“ಮನೆಯಲ್ಲಿ ಎತ್ತಿದ್ರೆ ನಾನೂ ನಗ್ತೇನೆ ಅಕ್ಕ. ಆದ್ರೆ ಇಲ್ಲಿ ನಾನು ಇವರ ಹೆಂಡತಿ ಅಲ್ಲವಲ್ಲ, ಸುಮತಿ. ಮೂರು ವರ್ಷ ಕಾದವಳು. ಆ ಸುಮತಿ ನನ್ನೊಳಗೆ ಬರುವಷ್ಟರಲ್ಲಿ ಇವರು ಬಂದು ಎತ್ತಿಬಿಡ್ತಾರೆ, ಅವಳು ಓಡಿ ಹೋಗ್ತಾಳೆ. ಅವರೆಲ್ಲ ಸಿಳ್ಳೆ ಹೊಡೀತಾರೆ. ಬೇಡ ಅನ್ಲಿಕ್ಕೆ ನಾಚಿಕೆ. ಕಟ್ಟಿಕೊಂಡ ಗಂಡ ಮುಟ್ಟೋದು ಬೇಡ ಅಂದ್ರೆ ಜನ ಎಂತ ತಿಳ್ಕೊಳ್ತಾರೆ? ಬೇರೆ ಯಾರಾದ್ರೂ ಆಗಿದ್ರೆ ‘ದೂರ ನಿಲ್ಲಿ’ ಅಂತ ಎಷ್ಟು ಸುಲಭವಾಗಿ ಹೇಳ್ತಿದ್ದೆ!”

ಇಡೀ ಸಭೆ ಕೂತು ಹುಡುಕಿದ ಉಪಾಯದ ಹಣೆಬರಹ ಹೀಗಾಯಿತಲ್ಲ ಎಂದು ಮೀರಾಳಿಗೆ ನಗು ಬಂತು. ಆದರೆ ಪ್ರತೀಕ್ಷಾಳ ಕಣ್ಣು ತುಂಬಿತ್ತು.

“ಕಾಲೇಜಿನಲ್ಲಿ ನಾನು ನಾಟಕ ಮಾಡ್ತಿದ್ದೆ. ಇಲ್ಲಿಗೆ ಬಂದ ಮೇಲೆ ಇದೇ ಮೊದಲು. ಇಲ್ಲಿ ನಾನು ಪ್ರವೀಣನ ಹೆಂಡತಿ, ಶೆಟ್ಟರ ಮನೆಯವಳು, ಅಷ್ಟೇ. ಈ ಸಲ ಬಿಟ್ರೆ ಮತ್ತೆ ಯಾರೂ ಕರೆಯೋದಿಲ್ಲ, ಗೊತ್ತುಂಟು. ಆದ್ರೂ ಹೀಗೆ ಹಾಳು ಮಾಡೋದಕ್ಕಿಂತ ಬಿಡೋದೇ ವಾಸಿ.”

“ಒಂದು ವಾರ ತಡಿ,” ಎಂದಳು ಮೀರಾ. “ನಾನು ನೋಡ್ಕೋತೀನಿ.”

ಹೇಳಿದ ಮೇಲೆ ಚಿಂತೆ ಶುರುವಾಯಿತು. ಏನು ನೋಡಿಕೊಳ್ಳುವುದು? ಒಬ್ಬ ಗಂಡಸನ್ನು ಕರೆದು, ನಿನ್ನ ಹೆಂಡತಿಯನ್ನು ನೀನು ಅಪ್ಪಿಕೊಳ್ಳುವ ರೀತಿ ಸರಿಯಿಲ್ಲ ಎಂದು ಹೇಳುವುದೇ? ಯಾವ ಭಾಷೆಯಲ್ಲಿ? ಕನ್ನಡದಲ್ಲಿ ಹೇಳಿದರೆ ಅಶ್ಲೀಲ, ಇಂಗ್ಲಿಷಿನಲ್ಲಿ ಹೇಳಿದರೆ ಡಾಕ್ಟರ ಮಾತು. ಎರಡು ದಿನ ಸಾರಿಗೆ ಉಪ್ಪು ಜಾಸ್ತಿಯಾಯಿತು. ಮೂರನೆಯ ಸಂಜೆ ಅವಳು ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಗಂಡನ ಕೈಗೆ ಕೊಟ್ಟಳು.

“ಏನು, ಮನೆ ಬಿಟ್ಟು ಹೋಗು ಅಂತಾನಾ?”

“ಹೋಗ್ಬೇಡಿ, ಬನ್ನಿ. ಬಾಗಿಲಿಂದ ಬಂದು ನನ್ನನ್ನ ಅಪ್ಕೊಳ್ಳಿ. ನಾನು ನೋಡ್ಬೇಕು.”

ಸತ್ಯಪ್ರಕಾಶ ಗಂಭೀರವಾಗಿ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಒಳಗೆ ಬಂದ. ಅಪ್ಪಿಕೊಂಡ.

“ಕೈ ಯಾಕೆ ಅಲ್ಲಿಟ್ರಿ?” ಎಂದಳು ಮೀರಾ ಅವನ ಭುಜದ ಕೆಳಗಿನಿಂದ.

“ಮದುವೆ ಆದಾಗಿನಿಂದ ಇಡೋ ಜಾಗ ಅದೇ.”

“ಮತ್ತೆ ಗದ್ದ ನನ್ನ ತಲೆ ಮೇಲೆ ಊರ್ತೀರಲ್ಲ, ಅದು ಭಾರ. ನಂಗೆ ಇಷ್ಟ ಇಲ್ಲ.”

ಸತ್ಯಪ್ರಕಾಶ ಗದ್ದ ಎತ್ತಿ ಅವಳನ್ನು ನೋಡಿದ. “ಇಷ್ಟು ವರ್ಷ ಹೇಳ್ಲೇ ಇಲ್ಲ?”

“ನನಗೇ ಗೊತ್ತಿರ್ಲಿಲ್ಲ. ಈಗ ನೋಡ್ತಿದೀನಲ್ಲ, ಗೊತ್ತಾಯ್ತು.”

“ಹಾಗಾದ್ರೆ ನಂದೂ ಒಂದು ಹೇಳ್ತೀನಿ. ನಿನ್ನ ಸೆರಗಿನ ಪಿನ್ನು ಪ್ರತಿ ಸಲ ಚುಚ್ಚುತ್ತೆ.”

ಆಗ ಟ್ಯೂಶನ್ನಿನಿಂದ ಬಂದ ಮಗಳು ಅದಿತಿ ಬಾಗಿಲಲ್ಲೇ ನಿಂತಳು. “ಮಮ್ಮೀ! ಆ ಬಧೂ ಶೂ ಚಾಲೇ ಛೇ?” ಏನಿದೆಲ್ಲ ನಡೀತಿರೋದು ಎಂದು ಗುಜರಾತಿಯಲ್ಲಿ ಗದರಿಸಿದವಳು, ಉತ್ತರಕ್ಕೂ ಕಾಯದೆ, “ಸೋ ಎಂಬರಾಸಿಂಗ್,” ಎಂದು ಇಂಗ್ಲಿಷಿನಲ್ಲಿ ಮುಗಿಸಿ ತನ್ನ ಕೋಣೆಗೆ ನಡೆದಳು.

ಆ ರಾತ್ರಿ ಮೀರಾಳಿಗೆ ನೆಮ್ಮದಿಯಿಂದ ನಿದ್ದೆ ಬಂತು. ಏನು ಹೇಳಬೇಕೆಂದು ಇನ್ನೂ ತೋಚಿರಲಿಲ್ಲ. ಆದರೆ ಇಷ್ಟು ವರ್ಷ ಜೊತೆಗಿದ್ದ ಇಬ್ಬರಿಗೇ ಕೇಳದೆ ಗೊತ್ತಾಗದ್ದು, ನಾಲ್ಕು ವರ್ಷದವರಿಗೆ ಹೇಗೆ ಗೊತ್ತಾಗಬೇಕು?

ಪ್ರವೀಣ್ ಕಾರ್ಖಾನೆಯಿಂದ ನೇರ ಹೋಟೆಲಿಗೆ ಬರುವ ಹೊತ್ತು ನೋಡಿಕೊಂಡು ಅವಳು ಹೋದಳು. ಅವನು ಮೂಲೆಯ ಟೇಬಲಿನಲ್ಲಿ ಬನ್ಸ್ ತಿನ್ನುತ್ತಿದ್ದ. ದಾರಿಯುದ್ದಕ್ಕೂ ಅವಳು ಕಟ್ಟಿಕೊಂಡು ಬಂದಿದ್ದ ವಾಕ್ಯ ಇದು: ‘ಪ್ರತೀಕ್ಷಾಗೆ ಕೆಲವು ವಿಷಯ ಕಷ್ಟ ಆಗ್ತಿದೆ.’ ಅವನ ಮುಖ ನೋಡಿದ ಕೂಡಲೇ ಹೆದರಿಕೆಯಾಗಿ ಬಾಯಿಂದ ಬೇರೆಯೇ ಬಂತು.

“ಪ್ರವೀಣ್, ಆ ಸೀನಿನಲ್ಲಿ ನಿಮಗೆ ಏನು ಕಷ್ಟ ಆಗುತ್ತೆ?”

ಪ್ರವೀಣ್ ನಗಲು ಬಾಯಿ ತೆರೆದ. ನಗು ಅರ್ಧಕ್ಕೆ ನಿಂತಿತು. “ನಂಗಾ?”

“ಹೂಂ, ನಿಮಗೆ.”

ಅವನು ಆಚೀಚೆ ನೋಡಿದ. ಗಲ್ಲಾದಲ್ಲಿ ಶೆಟ್ಟರು ಫೋನಿನಲ್ಲಿದ್ದರು. “ನಿಮ್ಮ ಹತ್ರ ಸುಳ್ಳು ಹೇಳುವುದೆಂತಕ್ಕೆ ಅಕ್ಕ. ಮಾಮ ಎದುರಿಗೇ ಕೂತಿರ್ತಾರೆ. ಅವರ ಎದುರು ನಾನು ಇವಳ ಪಕ್ಕದಲ್ಲಿ ಸರಿಯಾಗಿ ಕೂತದ್ದೂ ಇಲ್ಲ. ಕೈಕಾಲು ನಡುಗ್ತದೆ. ತಮಾಷೆ ಮಾಡಿ, ಎತ್ತಿ ತಿರುಗಿಸಿಬಿಟ್ರೆ ಬೇಗ ಮುಗೀತದಲ್ಲ ಅಂತ.” ದನಿ ಇನ್ನೂ ತಗ್ಗಿಸಿದ. “ಮತ್ತೆ ಅವಳ ಕಿವಿ ನನ್ನ ಎದೆಗೆ ತಾಗಿದ್ರೆ ಆ ಢವಢವ ಕೇಳ್ತದೆ. ಗಂಡ ಇಷ್ಟು ಹೆದರುಪುಕ್ಕಲ ಅಂತ ಗೊತ್ತಾಗೋದಿಲ್ವಾ? ಅವಳಿಗೆ ಹೇಳ್ಬೇಡಿ.”

“ಹೇಳಲ್ಲ.”

“ಅವಳಿಗೆ ಎಂತ ಕಷ್ಟ ಅಂತೆ?”

“ಅದನ್ನ ನೀವೇ ಕೇಳಿ. ಬೇಕಾದರೆ ನಾನು ಇಲ್ಲೇ ಕೂತಿರ್ತೀನಿ.”

ಹಾಗೆ ಮರುದಿನ ಅದೇ ಟೇಬಲಿನಲ್ಲಿ ಮೂವರು ಕೂತರು. ಮೊದಲು ಮೂವರೂ ಮೆನು ಓದಿದರು, ಅದನ್ನು ಎಂದೂ ಕಾಣದವರ ಹಾಗೆ. ಆಮೇಲೆ ಪ್ರವೀಣ್ ಕೇಳಿದ. ಪ್ರತೀಕ್ಷಾ ಟೇಬಲಿಗೆ ಹೇಳಿದಳು: ಎತ್ತುವುದು ಬೇಡ, ಕುತ್ತಿಗೆಯ ಹಿಂದೆ ಕೈ ಬೇಡ, ಬರುವ ಮೊದಲು ಒಂದು ಗಳಿಗೆ ನಿಲ್ಲಬೇಕು.

“ನಾಲ್ಕು ವರ್ಷದಿಂದ ಒಂದು ಮಾತು ಹೇಳ್ಲಿಲ್ಲ ನೀನು!”

“ನೀವು ಕೇಳ್ಲಿಲ್ಲ.”

ಪ್ರವೀಣ್ ಗಂಟಲು ಸರಿಮಾಡಿಕೊಂಡು, ಮೀರಾಳ ಕಡೆ ನೋಡದೆ, ಢವಢವದ ಗುಟ್ಟನ್ನು ತಾನೇ ಹೇಳಿಬಿಟ್ಟ. ಪ್ರತೀಕ್ಷಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಈ ಸಲ ತುಟಿಯದಷ್ಟೇ ಆಗಿರಲಿಲ್ಲ.

ಅಲ್ಲಿಂದ ಮುಂದೆ ಮೀರಾ ಆ ದೃಶ್ಯವನ್ನು ರಂಗೋಲಿಯ ಚುಕ್ಕಿ ಇಡುವಂತೆ ಇಟ್ಟಳು. ಅವನ ಬಲಗೈ ಅವಳ ಬೆನ್ನಿನ ಮೇಲೆ ಇಲ್ಲಿ, ಎಡಗೈ ಅವಳ ಮೊಣಕೈ ಮೇಲೆ. ಅವಳ ತಲೆ ಅವನ ಬಲಭುಜಕ್ಕೆ, ಮುಖ ಜನರ ಕಡೆಗೆ. ಪಿನ್ನು ಒಳಗಡೆಯಿಂದ. ಮುಡಿದ ಮಲ್ಲಿಗೆಯ ಘಮಕ್ಕೆ ಪ್ರವೀಣ್ ಸೀನುತ್ತಾನೆಂದು ತಿಳಿದ ಮೇಲೆ ಸುಮತಿಗೆ ಕನಕಾಂಬರ. ಅವಳು ಉಸಿರು ಬಿಟ್ಟಾಗ ಇಬ್ಬರೂ ಬಿಡಿಸಿಕೊಳ್ಳುವುದು. ಆದರೂ ಅವಳಿಗೆ ಸಮಾಧಾನವಿಲ್ಲ. ಆ ದಿನ ಪ್ರತೀಕ್ಷಾಳಿಗೆ ತಲೆನೋವಿದ್ದರೆ? ಮನಸ್ಸಿಲ್ಲದಿದ್ದರೆ? ರಂಗದ ಮೇಲೆ ನಿಂತು ‘ಬೇಡ’ ಎನ್ನಲಾಗುತ್ತದೆಯೇ? ಇಡೀ ಜನ್ಮದ ‘ಹೀಗಾದರೆ ಏನು ಗತಿ’ಗಳು ಕೊನೆಗೂ ಒಂದು ಉಪಯೋಗಕ್ಕೆ ಬಂದವು. ಅವಳು ಒಂದು ಗುರುತು ಗೊತ್ತುಮಾಡಿದಳು: ಗಂಡ ಒಳಗೆ ಬಂದು ನಿಲ್ಲುತ್ತಾನೆ. ಸುಮತಿ ಅವನ ಕೈಯಿಂದ ಸೂಟ್‌ಕೇಸ್ ತೆಗೆದುಕೊಳ್ಳುತ್ತಾಳೆ. ಅವಳು ಅದನ್ನು ಕೆಳಗಿಟ್ಟರೆ ಅವನು ಹತ್ತಿರ ಬರಬಹುದು. ಕೈಯಲ್ಲೇ ಹಿಡಿದುಕೊಂಡರೆ ಅವನು ನಿಂತಲ್ಲೇ ನಿಂತು ಮುಂದಿನ ಮಾತು ಹೇಳಬೇಕು: ‘ಕಾಫಿ ಇದೆಯಾ, ಸುಮತಿ?’

ಶೆಟ್ಟರಿಗೆ ಇದು ಗೊತ್ತಾದಾಗ ಮಹಡಿ ಹತ್ತಿ ಬಂದರು. “ಇದೆಂತದು ಮೀರಕ್ಕ? ಗುಜರಾತಿನಲ್ಲಿ ಕುಡೀಲಿಕ್ಕೆ ಪರ್ಮಿಟ್ ಬೇಕು, ಗೊತ್ತುಂಟು. ಸ್ವಂತ ಹೆಂಡತಿಯನ್ನು ಅಪ್ಪಿಕೊಳ್ಳಲಿಕ್ಕೂ ಬೇಕಾ?”

ಮೀರಾ ಕೈಯಲ್ಲಿದ್ದ ನಾಟಕದ ಪುಸ್ತಕ ಮುಚ್ಚಿದಳು. “ಶೆಟ್ರೇ, ಹೋಟೆಲಿಗೆ ನಿಮ್ಮ ಸ್ವಂತ ತಮ್ಮನೇ ಬಂದ್ರೂ, ಇನ್ನೊಂದು ದೋಸೆ ಹಾಕ್ಲಾ ಅಂತ ಕೇಳೇ ತಾನೆ ಹಾಕೋದು?”

“ಅದು ದೋಸೆ ಮಾರ್ರೆ!”

“ದೋಸೆಗೇ ಕೇಳ್ತೀರಿ,” ಎಂದಳು ಮೀರಾ ಸಣ್ಣ ದನಿಯಲ್ಲಿ. “ಮತ್ತೆ... ಈ ಸೀನು ಮಾಡುವಾಗ ನಾನು, ಅವರಿಬ್ಬರು, ನಿರ್ದೇಶಕರು ಬಿಟ್ಟು ಬೇರೆ ಯಾರೂ ಮಹಡಿ ಮೇಲೆ ಇರಬಾರದು. ನೀವೂ ಸೇರಿ.”

ತಮ್ಮದೇ ಮಹಡಿಯಿಂದ ತಮ್ಮನ್ನು ಇಳಿಸಿದ ಮೊದಲ ಹೆಂಗಸನ್ನು ಶೆಟ್ಟರು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಇಳಿದು ಹೋದರು.

ಬಾಗಿಲು ಹಾಕಿ ಮಾಡಿದ ಮೊದಲ ಸಲ ಪ್ರತೀಕ್ಷಾ ಪರೀಕ್ಷೆಗೆಂದು ಸೂಟ್‌ಕೇಸ್ ಹಿಡಿದೇ ನಿಂತಳು. ಪ್ರವೀಣ್ ಅಭ್ಯಾಸಬಲದಿಂದ ನುಗ್ಗಿಯೇ ಬಂದ, ನಡುವೆ ನೆನಪಾಗಿ ತಡೆದು ನಿಂತು ಕಿವಿಯವರೆಗೆ ಕೆಂಪಾದ. ಎರಡನೆಯ ಸಲವೂ ಅಷ್ಟೇ. “ಇವನಿಗೆ ಬ್ರೇಕ್ ಇಲ್ಲ,” ಎಂದು ಶಂಕರನಾರಾಯಣ ಕೈಚೆಲ್ಲಿದರು. ಆಮೇಲೊಂದು ದಿನ ಅವನು ನಿಂತ. ಅವಳು ಸೂಟ್‌ಕೇಸನ್ನು ಮೆಲ್ಲಗೆ ಕೆಳಗಿಟ್ಟಳು. ಅವನು ಬಂದ. ಆ ಅಪ್ಪುಗೆ ಮುಗಿದ ಮೇಲೆ ಮುಂದಿನ ಮಾತು ಎತ್ತಿಕೊಡಬೇಕಿದ್ದ ಪ್ರಾಂಪ್ಟರಿಗೆ ಪುಟ ತಪ್ಪಿಹೋಗಿತ್ತು. ಪ್ರತೀಕ್ಷಾಳ ಹೆಬ್ಬೆರಳು ಹೊರಗಿತ್ತು. ಪಾರ್ಟು ಬಿಡುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಆದರೆ ಒಂದು ಸಲ ಮೆಟ್ಟಿಲಿಳಿಯುವಾಗ ಕೇಳಿದಳು: “ಅಕ್ಕಾ, ಅಷ್ಟು ಜನರ ಎದುರು ನಾನು ಬೇಡ ಅಂದ್ರೆ, ಇವರು ನಿಜವಾಗ್ಲೂ ನಿಲ್ತಾರಾ?”

ಮೀರಾಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು.

ಸ್ಪರ್ಧೆ ಅಹಮದಾಬಾದಿನ ಬೋಡಕ್‌ದೇವ್‌ನ ಶಾಲೆಯೊಂದರ ಸಭಾಂಗಣದಲ್ಲಿ. ವಡೋದರದವರು ಬಸ್ಸು ಮಾಡಿಕೊಂಡು ಹೊರಟರು. ಮಹಡಿಯ ಬಾಗಿಲು ಹಾಕಿ ಮಾಡಿದ ರಿಹರ್ಸಲ್ ಎಂದ ಮೇಲೆ ಅದರೊಳಗೆ ಏನೇನೋ ಇರಬೇಕು ಎಂದು ಜನ ಲೆಕ್ಕ ಹಾಕಿದ್ದರು. ಆಣಂದ್ ದಾಟುವಷ್ಟರಲ್ಲಿ ಬಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲ. “ಆ ಸೀನು ಎಷ್ಟು ಹೊತ್ತಿಗೆ ಬರ್ತದೆ ಮೀರಕ್ಕ? ನಡುವೆ ಚಾ ಕುಡೀಲಿಕ್ಕೆ ಹೋಗಬಾರ್ದಲ್ಲ!” ಎಂದು ಪ್ರವೀಣನ ಗೆಳೆಯ ಕಿಶೋರ್ ತನ್ನ ಹೊಸ ಡಿಜಿಟಲ್ ಕ್ಯಾಮೆರಾ ಒರೆಸುತ್ತಾ ಕೇಳಿದ. ಮುಂದಿನ ಸೀಟಿನಲ್ಲಿದ್ದ ಪ್ರತೀಕ್ಷಾ ಕಿಟಕಿಯ ಕಡೆ ತಿರುಗಿದಳು.

ನಾಟಕ ಚೆನ್ನಾಗಿಯೇ ಶುರುವಾಯಿತು. ಸುಮತಿ ಬಾಗಿಲು ತೆಗೆದಳು. ಪ್ರವೀಣ್ ಸೂಟ್‌ಕೇಸ್ ಹಿಡಿದು ಒಳಗೆ ಕಾಲಿಟ್ಟ. ಹಿಂದಿನ ಸಾಲಿನಲ್ಲಿ ಯಾರೋ ನೀಳವಾಗಿ ಸಿಳ್ಳೆ ಹೊಡೆದರು. “ಈಗ, ಈಗ ನೋಡಿ!” ಎಂದು ಇನ್ಯಾರೋ. ಕಿಶೋರ್ ಎದ್ದು ನಡುದಾರಿಗೆ ಬಂದು ಕ್ಯಾಮೆರಾ ಎತ್ತಿ ನಿಂತ. ಇವರೆಲ್ಲ ವಡೋದರದವರೇ ಎನ್ನುವುದು ಪರದೆಯ ಮರೆಯಿಂದ ಮೀರಾಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಪ್ರತೀಕ್ಷಾ ಸೂಟ್‌ಕೇಸ್ ತೆಗೆದುಕೊಂಡಳು. ಒಂದು ಸಲ ಸಭೆಯ ಕಡೆ ಕಣ್ಣು ಹೋಯಿತು. ಮತ್ತೆ ಪ್ರವೀಣನ ಕಡೆ. ಅವಳು ಅದನ್ನು ಕೆಳಗಿಡಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡಳು.

ಪ್ರವೀಣನ ಕಾಲು ಅರ್ಧ ಹೆಜ್ಜೆ ಮುಂದೆ ಬಂತು. “ಹೋಗೋ ಪ್ರವೀಣಾ!” ಎಂದು ಗೆಳೆಯರಲ್ಲೊಬ್ಬ ಕೂಗಿದ. ಮುಂದಿನ ಸಾಲಿನಲ್ಲಿ ಶೆಟ್ಟರು ಕೈಯಾಡಿಸಿ ‘ಹೂಂ, ಹೂಂ’ ಎನ್ನುತ್ತಿದ್ದರು. ಮೀರಾಳ ಕೈಯಲ್ಲಿ ಇಡೀ ನಾಟಕವಿತ್ತು, ಆದರೆ ಈ ಗಳಿಗೆಗೆ ಎತ್ತಿಕೊಡುವಂಥ ಒಂದು ಮಾತೂ ಅದರಲ್ಲಿರಲಿಲ್ಲ. ನಿಲ್ಲು, ನಿಲ್ಲಪ್ಪ, ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಪ್ರವೀಣ್ ನಿಂತ. ಮೇಲೆದ್ದಿದ್ದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಅವನ್ನು ಇಳಿಸಿ, ಪ್ಯಾಂಟಿಗೆ ಒರೆಸಿಕೊಂಡ. ಇಡೀ ಸಭೆಗೆ ಆ ಕೈಗಳ ನಡುಕ ಕಾಣಿಸಿತು. ತಮಾಷೆ ಮಾಡಿ ಮುಗಿಸಲು ಅವನಿಗೆ ಎಲ್ಲ ಅವಕಾಶವಿತ್ತು, ಮಾಡಲಿಲ್ಲ. ಸಿಳ್ಳೆಗಳು ಒಂದೊಂದಾಗಿ ಸೋತು ಸುಮ್ಮನಾದವು. ಆ ನಿಶ್ಶಬ್ದದಲ್ಲಿ ಅವನು ಕೇಳಿದ: “ಕಾಫಿ ಇದೆಯಾ, ಸುಮತಿ?”

ದನಿ ಒಡೆದಿತ್ತು. ನಿರ್ದೇಶಕರು ತಿಂಗಳುಗಟ್ಟಲೆ ಬೇಡಿದರೂ ಬರದಿದ್ದ ದನಿ ಅದು.

ಪ್ರತೀಕ್ಷಾ ಅವನನ್ನು ನೋಡಿದಳು, ನಿಜವಾಗಿಯೂ ಮೂರು ವರ್ಷದ ಮೇಲೆ ನೋಡುವವಳ ಹಾಗೆ. “ಇದೆ,” ಎಂದಳು. “ಕೂತ್ಕೊಳ್ಳಿ.”

ಸೂರತ್ತಿನವರ ನಡುವೆ ಕೂತಿದ್ದ ಅಜ್ಜಿಯೊಬ್ಬರು ಮೂಗು ಒರೆಸಿಕೊಂಡು, “ಅಯ್ಯೋ ಪಾಪ, ಒಂದು ಸಲ ಅಪ್ಪಿಕೊಳ್ಳಬಾರ್ದೇನೇ ಅವನ್ನ!” ಎಂದರು. ಯಾರೂ ನಗಲಿಲ್ಲ. ಕಿಶೋರ್ ಕ್ಯಾಮೆರಾ ಇಳಿಸಿ, ಎಲ್ಲರೂ ನೋಡುತ್ತಿರುವಂತೆ ಅನಿಸಿ, ಬಗ್ಗಿಕೊಂಡು ತನ್ನ ಜಾಗಕ್ಕೆ ಹೋದ.

ಮೊದಲ ಬಹುಮಾನ ಎಂದಿನಂತೆ ಹಜೀರಾದ ಬೆಳಕಿಗೆ ಹೋಯಿತು. ವಡೋದರಕ್ಕೆ ಎರಡನೆಯದು. ತೀರ್ಪುಗಾರರು ‘ಅಪ್ಪಿಕೊಳ್ಳದೆ ಬಿಟ್ಟ ಸಂಯಮ’ವನ್ನು ಎರಡೆರಡು ಸಲ ಹೊಗಳಿದರು. ಶಂಕರನಾರಾಯಣ ವೇದಿಕೆಗೆ ಹೋಗಿ ಮೈಕು ಹಿಡಿದು, ಅಪ್ಪುಗೆ ಇಲ್ಲದಿರುವುದೇ ನಾಟಕದ ಜೀವಾಳ, ಬರೆಯುವಾಗಲೇ ತಮಗೆ ಅದು ಹೊಳೆದಿತ್ತು ಎಂದು ವಿವರಿಸಿದರು.

“ಹಾಗಾದ್ರೆ ಇಷ್ಟು ದಿನ ಬಾಗ್ಲು ಹಾಕ್ಕೊಂಡು ಇವರು ಎಂತ ಮಾಡ್ತಿದ್ರು ಮಾರ್ರೆ?” ಎಂದು ಶೆಟ್ಟರು ಪಕ್ಕದ ಸತ್ಯಪ್ರಕಾಶನನ್ನು ಕೇಳಿದರು.

“ಇಲಾಖೆ ನನ್ನ ಹೆಂಡತೀದು, ನನಗೆ ಅಧಿಕಾರ ಇಲ್ಲ,” ಎಂದ ಸತ್ಯಪ್ರಕಾಶ.

ಹೆಂಗಸರ ಮೇಕಪ್ ಕೋಣೆಗೆ ಕೊಟ್ಟಿದ್ದ ತರಗತಿಯಲ್ಲಿ ಪ್ರತೀಕ್ಷಾ ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ ಮುಖದ ಬಣ್ಣ ತೆಗೆಯುತ್ತಿದ್ದಳು. ಅರ್ಧ ಮುಖ ಸುಮತಿಯದು, ಅರ್ಧ ಅವಳದು.

“ಅವರೆಲ್ಲ ಅದನ್ನು ನೋಡ್ಲಿಕ್ಕೆ ಅಂತಲೇ ಬಂದಿದ್ರು ಅಕ್ಕ. ಅದಕ್ಕೇ ಕೊಡ್ಲಿಲ್ಲ,” ಎಂದಳು. ಹತ್ತಿಯನ್ನು ಮತ್ತೆ ಎಣ್ಣೆಗೆ ಅದ್ದಿ, “ಇವರು ನಿಂತ್ರಲ್ಲ,” ಎಂದಳು. ಕನ್ನಡಿಯಲ್ಲಿ ತನಗೇ ಹೇಳಿಕೊಂಡಂತೆ ಮತ್ತೆ, “ಮಾಮನ ಎದುರು. ನಿಂತ್ರು.”

ಬಾಗಿಲ ಮೇಲೆ ಮೆಲ್ಲಗೆ ಬೆರಳು ತಟ್ಟಿದ ಸದ್ದಾಯಿತು.

“ಪ್ರತೀಕ್ಷಾ, ಒಳಗೆ ಬರಬಹುದಾ?”

ಪ್ರತೀಕ್ಷಾ ಕನ್ನಡಿಯಲ್ಲೇ ಮೀರಾಳಿಗೆ ಹುಬ್ಬು ಹಾರಿಸಿದಳು. “ಯಾರು?”

“ನಾನು.”

“ನಾನು ಅಂದ್ರೆ?”

ಹೊರಗೆ ಒಂದು ನಿಟ್ಟುಸಿರು. “ಪ್ರವೀಣ.”

“ಯೋಚನೆ ಮಾಡ್ತಿದ್ದೇನೆ. ಅಲ್ಲೇ ನಿಲ್ಲಿ.”

ಮೀರಾ ಗಡಬಡಿಸಿ ಎದ್ದು ಪೌಡರ್ ಡಬ್ಬಿ ಬೀಳಿಸಿದಳು. ಅವನು ಬೇಸರಪಟ್ಟು ಹೊರಟುಹೋದರೆ? ಬಸ್ಸು ಹೊರಟುಬಿಟ್ಟರೆ? ಪ್ರತೀಕ್ಷಾಳ ಮುಖ ನೋಡಿದಳು. ಅಲ್ಲಿ ನಿಧಾನವಾಗಿ ಏಳುತ್ತಿದ್ದ ನಗುವನ್ನು ನೋಡಿ, ಇಲ್ಲಿ ಇನ್ನು ಪ್ರಾಂಪ್ಟರಿಗೆ ಕೆಲಸವಿಲ್ಲ ಎಂದು ತಿಳಿದು, ಬಾಗಿಲು ತೆರೆದು ಹೊರಗೆ ಬಂದಳು.

“ಬರಬಹುದಂತಾ ಅಕ್ಕ?” ಎಂದ ಪ್ರವೀಣ್.

“ನನ್ನನ್ನೇನು ಕೇಳ್ತೀರಿ?”

“ಬನ್ನಿ!” ಎಂದು ಒಳಗಿನಿಂದ ಕೇಳಿಸಿತು. ಪ್ರವೀಣ್ ಒಳಗೆ ಹೋದ. ಮೀರಾ ಬಾಗಿಲು ಎಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತಳು. ಅಷ್ಟರಲ್ಲಿ ಓಣಿಯ ಆ ತುದಿಯಿಂದ ಶೆಟ್ಟರು ಬಂದರು.

“ಪ್ರವೀಣ ಎಲ್ಲಿ? ಡ್ರೈವರ್ ಹಾರನ್ ಮಾಡ್ತಾ ಇದ್ದಾನೆ.”

“ಒಳಗೆ ರಿಹರ್ಸಲ್ ನಡೀತಿದೆ, ಶೆಟ್ರೇ.”

“ನಾಟಕ ಮುಗೀತಲ್ಲ ಮಾರ್ರೆ! ಇನ್ನೆಂತ ರಿಹರ್ಸಲ್?”

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೀರಾ ಸ್ವಲ್ಪ ಯೋಚಿಸಿದಳು. ಇದು ಸುಳ್ಳೇನಲ್ಲ ಎನಿಸಿತು.

“ಹೊರಗಿನವರು ಬರುವ ಹಾಗಿಲ್ಲ,” ಎಂದಳು. “ನೀವೂ ಸೇರಿ. ನಾನೂ ಸೇರಿ. ಬನ್ನಿ, ಡ್ರೈವರನ್ನ ಸ್ವಲ್ಪ ಹೊತ್ತು ಮಾತಾಡಿಸೋಣ.”